ರಕ್ಷಕನ ಹೆಸರಿನ ನಾಡಿನಲ್ಲಿ ಬೆನ್ನಿಗೊಂದು ಚೀಲ ಹೊತ್ತು

ನಮ್ಮ ಧರ್ಮಕೇಂದ್ರದ ಭಾನುವಾರದ ಬಲಿಪೂಜೆಯಲ್ಲಿ, ವಿಶ್ವಾಸಿಗಳ ಪ್ರಾರ್ಥನೆಯ ಕೊನೆಗೆ, ಕೆಲವು ಕಾಲದಿಂದ ಅಪರಿಚಿತ ಹೆಸರೊಂದು ಕೇಳಿಬರುತ್ತಿರುವುದನ್ನು ಅನೇಕರು ಗಮನಿಸಿದ್ದಾರೆ. ಅದು ನಮ್ಮೂರಿನ ಹೆಸರಲ್ಲ, ನಮ್ಮ ದೇಶದ್ದೂ ಅಲ್ಲ. "ಯಾರು ಸ್ವಾಮಿ ಅದು? ನಿಮ್ಮ ಜೊತೆ ಓದಿದವರಾ?" ಎಂದು ಗಾಯನವೃಂದದ ಹಿರಿಯರೊಬ್ಬರು ಕೇಳಿದರು. ಧರ್ಮೋಪದೇಶದ ತರಗತಿಯ ಮಕ್ಕಳೂ ಕೇಳಿದರು. ಪೂಜೆ ಮುಗಿದು ಮೆಟ್ಟಿಲ ಬಳಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ ಅದಲ್ಲವಾದ್ದರಿಂದ ಇಷ್ಟು ದಿನ ತಡೆದೆವು. ಆ ಹೆಸರು ನಮ್ಮ ಜೊತೆಗೆ ಬಂದದ್ದು ಒಂದು ಪ್ರಯಾಣದಿಂದ. ಆದುದರಿಂದ ಆ ಪ್ರಯಾಣವನ್ನೇ ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಉತ್ತರ ಅಮೆರಿಕವನ್ನೂ ದಕ್ಷಿಣ ಅಮೆರಿಕವನ್ನೂ ಕೂಡಿಸುವ ಕಿರಿದಾದ ನೆಲಪಟ್ಟಿಯಲ್ಲಿ ಏಳು ದೇಶಗಳುಂಟು. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಎಲ್ ಸಾಲ್ವಡಾರ್. ವಿಸ್ತೀರ್ಣ 21,041 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಒಂಬತ್ತನೆಯ ಒಂದು ಪಾಲು. ಜನಸಂಖ್ಯೆ ಅರುವತ್ತು ಲಕ್ಷದಷ್ಟು. ಸ್ಪೇನ್ ದೇಶದವರು ಇಟ್ಟ ಆ ಹೆಸರಿಗೆ 'ರಕ್ಷಕ' ಎಂದು ಅರ್ಥ. ಲೋಕರಕ್ಷಕನಾದ ಯೇಸುವೇ ಅದರ ಪಾಲಕ. ಆಗಸ್ಟ್ 6ರ ದಿವ್ಯ ರೂಪಾಂತರದ ಹಬ್ಬವೇ ಅದರ ನಾಡಹಬ್ಬ. ಪ್ರವಾಸಿಗಳು ನೆರೆಯ ಗ್ವಾಟೆಮಾಲಾಕ್ಕೆ ಹೋಗುತ್ತಾರೆ, ಕೋಸ್ಟರಿಕಾಕ್ಕೆ ಹೋಗುತ್ತಾರೆ. ಇದನ್ನು ಮಾತ್ರ ಬದಿಗೆ ಬಿಟ್ಟು ಸಾಗುವುದೇ ಬಹುಕಾಲದಿಂದ ರೂಢಿ. ಅದಕ್ಕೆ ಕಾರಣ ಭಯ. 2015ರಲ್ಲಿ ಅಲ್ಲಿ ಪ್ರತಿ ಲಕ್ಷ ಜನರಿಗೆ ನೂರಕ್ಕೂ ಮಿಕ್ಕಿ ಕೊಲೆಗಳಾಗಿದ್ದವು; ಯುದ್ಧವಿಲ್ಲದ ನಾಡೊಂದರಲ್ಲಿ ಅಂಥ ಲೆಕ್ಕ ಬೇರೆಲ್ಲೂ ಇಲ್ಲವೆಂಬಷ್ಟು ಅಪರೂಪವಾಗಿತ್ತು.

2025ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿರುವ ಅಕ್ಕನ ಮಗನ ಮನೆಗೆ ರಜೆಯ ಮೇಲೆ ಹೋಗಿದ್ದೆವು. ಅವನು ಸ್ಪ್ಯಾನಿಷ್ ಬಲ್ಲವನು, ಚೀಲ ಬೆನ್ನಿಗೇರಿಸಿ ಸುತ್ತುವ ಹುಚ್ಚಿನವನು. "ಮಾವ, ಸಂತ ರೊಮೇರೊ ಅಂತ ಯಾವಾಗಲೂ ಪ್ರಬೋಧನೆಯಲ್ಲಿ ಹೇಳುತ್ತೀರಲ್ಲ, ಅವರ ಊರು ಇಲ್ಲಿಂದ ಬಹಳ ದೂರವೇನಲ್ಲ. ಹೋಗಿ ಬರೋಣವೆ?" ಎಂದ. ನಾವು ಒಪ್ಪಿದೆವು. ನಮ್ಮ ಚೀಲವನ್ನು ನಾವೇ ತುಂಬಿಸಿಕೊಂಡೆವು: ನಿತ್ಯ ಪ್ರಾರ್ಥನೆಯ ಗ್ರಂಥ, ಎರಡು ದಪ್ಪ ತತ್ವಶಾಸ್ತ್ರದ ಪುಸ್ತಕ, ಕೊಡೆ, ಎರಡು ಜೊತೆ ಬೂಟು, ಔಷಧಿಯ ಡಬ್ಬ. ತೂಗಿದಾಗ ಹದಿನಾಲ್ಕು ಕಿಲೋ ಬಂತು. ಹುಡುಗ ಏನೂ ಹೇಳದೆ ಅರ್ಧ ತೆಗೆದು ಮಂಚದ ಮೇಲಿಟ್ಟ. "ಏನು ಹೊರಬೇಕು ಅನ್ನುವುದು ದಾರಿಯಲ್ಲಿ ತಾನಾಗಿ ಗೊತ್ತಾಗುತ್ತದೆ" ಎಂದ. ಆ ಮಾತು ಆಗ ನಮಗೆ ತಮಾಷೆಯಾಗಿ ಕೇಳಿಸಿತ್ತು.

ಕಾಫಿ ತೋಟಗಳ ಹಾದಿ

ಪ್ರವೇಶದ ಕಾಗದಪತ್ರಗಳನ್ನು ಮೊದಲೇ ಸರಿಪಡಿಸಿಕೊಂಡು, ಗ್ವಾಟೆಮಾಲಾದ ಕಡೆಯಿಂದ ಬಸ್ಸಿನಲ್ಲಿ ಬಂದೆವು. ಅದಕ್ಕೆ ಕಾರಣವುಂಟು. ಭಾರತದಿಂದ ಮತ್ತು ಆಫ್ರಿಕಾದ ದೇಶಗಳಿಂದ ಬಂದು ತನ್ನ ವಿಮಾನ ನಿಲ್ದಾಣದ ಮೂಲಕ ಹಾದುಹೋಗುವವರಿಗೆ ಎಲ್ ಸಾಲ್ವಡಾರ್ 2023ರ ಅಕ್ಟೋಬರಿನಲ್ಲಿ ಸಾವಿರ ಡಾಲರಿಗೂ ಮಿಕ್ಕ ಶುಲ್ಕವನ್ನು ವಿಧಿಸಿತ್ತು. ವಿಮಾನದಲ್ಲಿ ಹೋಗಬಯಸುವವರು ಈ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಗಡಿಯಲ್ಲಿ ಹರಿಯುವ ನದಿಯ ಹೆಸರು ಪಾಸ್, ಅಂದರೆ ಶಾಂತಿ. ಅದನ್ನು ದಾಟಿದ ಮೇಲೆ ನಮ್ಮನ್ನು ಹೊತ್ತೊಯ್ದದ್ದು ಅಮೆರಿಕದ ಶಾಲಾ ಮಕ್ಕಳ ಹಳೆಯ ಬಸ್ಸು. ಅಲ್ಲಿ ನಿವೃತ್ತಿಯಾದ ಬಸ್ಸುಗಳು ಇಲ್ಲಿಗೆ ಬಂದು, ಕೆಂಪು ಹಸಿರು ಬಣ್ಣ ಬಳಿಸಿಕೊಂಡು, ಮುಂದಿನ ಗಾಜಿನ ಮೇಲೆ ಪ್ರಭುವಿನ ಅಥವಾ ಮಾತೆ ಮರಿಯಳ ಹೆಸರನ್ನು ಹೊತ್ತು ಹೊಸ ಜನ್ಮವೆತ್ತುತ್ತವೆ. ಮಕ್ಕಳ ಕಾಲಿಗೆಂದು ಮಾಡಿದ ಆಸನದಲ್ಲಿ ನಮ್ಮ ಮೊಣಕಾಲು ಗದ್ದಕ್ಕೆ ತಗಲುತ್ತಿತ್ತು. ಟಿಕೆಟಿನ ಹಣ ಡಾಲರಿನಲ್ಲಿ. 2001ರಿಂದ ಅಮೆರಿಕದ ಡಾಲರೇ ಅಲ್ಲಿನ ನಾಣ್ಯ. 2021ರಲ್ಲಿ ಬಿಟ್‌ಕಾಯಿನ್ ಎಂಬ ಗಣಕಯಂತ್ರದ ಹಣವನ್ನೂ ಕಾನೂನುಬದ್ಧಗೊಳಿಸಿ ಜಗತ್ತಿನಲ್ಲೆಲ್ಲ ಸುದ್ದಿಯಾದ ದೇಶವಿದು. ನಾವು ಹೋಗುವ ಕೆಲವೇ ದಿನ ಮೊದಲು, 2025ರ ಜನವರಿಯಲ್ಲಿ, ಅದನ್ನು ಸ್ವೀಕರಿಸುವ ಕಡ್ಡಾಯವನ್ನು ತೆಗೆದುಹಾಕಲಾಗಿತ್ತು. ದಾರಿಯುದ್ದಕ್ಕೂ ನಮ್ಮನ್ನು ಅದನ್ನು ಕೇಳಿದವರು ಒಬ್ಬರೂ ಇಲ್ಲ.

ಅವಾಚಪಾನ್‌ನಿಂದ ಬೆಟ್ಟವೇರಿ ಆತಾಕೊ, ಅಪಾನೆಕಾ, ಹುವಾಯೂವಾ ಎಂಬ ಊರುಗಳನ್ನು ಹಾದು ಸೊನ್ಸೊನಾತೆಗೆ ಇಳಿಯುವ ದಾರಿಗೆ 'ಹೂಗಳ ಹಾದಿ' ಎಂದು ಹೆಸರು. ಇಕ್ಕೆಲದಲ್ಲೂ ಕಾಫಿ. ಗಾಳಿ ತಡೆಯಲೆಂದು ತೋಟಗಳ ನಡುವೆ ಎತ್ತರದ ಹಸಿರು ಬೇಲಿಗಳನ್ನು ಬೆಳೆಸಿರುವುದರಿಂದ ಗುಡ್ಡಗಳು ದೂರಕ್ಕೆ ಚದುರಂಗದ ಹಾಸಿನಂತೆ ಕಾಣುತ್ತವೆ. ಚಿಕ್ಕಮಗಳೂರು, ಕೊಡಗುಗಳನ್ನು ಬಲ್ಲ ನಮಗೆ ಗಿಡ ಪರಿಚಿತ, ಗಿಡದ ಹಿಂದಿನ ಕಥೆ ಅಪರಿಚಿತ.

ಮೊದಲು ಈ ನಾಡು ಬದುಕಿದ್ದು ನೀಲಿ ಬಣ್ಣದಿಂದ. ನೀಲಿಗಿಡದ ವ್ಯಾಪಾರ ಹತ್ತೊಂಬತ್ತನೆಯ ಶತಮಾನದಲ್ಲಿ ಕುಸಿಯತೊಡಗಿದಾಗ ಸರ್ಕಾರ ಕಾಫಿಯತ್ತ ತಿರುಗಿತು. ಕಾಫಿಗೆ ಬೇಕಾದ ಎತ್ತರದ ನೆಲ ಮೂಲನಿವಾಸಿಗಳ ಊರೊಟ್ಟಿನ ಸ್ವತ್ತಾಗಿತ್ತು. 1881 ಮತ್ತು 1882ರ ಕಾನೂನುಗಳಿಂದ ಆ ಊರೊಟ್ಟಿನ ಹಕ್ಕುಗಳು ರದ್ದಾದವು. ನೆಲ ಕೆಲವೇ ಮನೆತನಗಳ ಕೈಸೇರಿತು, ಒಡೆಯರು ಕೂಲಿಗಳಾದರು. 1929ರ ನಂತರ ಜಗತ್ತಿನ ಕಾಫಿ ಬೆಲೆ ಬಿದ್ದಾಗ ಆ ಕೂಲಿಯೂ ಹೋಯಿತು. 1932ರ ಜನವರಿಯಲ್ಲಿ ಹುವಾಯೂವಾ, ನಾವಿಸಾಲ್ಕೊ, ಇಸಾಲ್ಕೊ ಊರುಗಳ ರೈತರು ದಂಗೆಯೆದ್ದರು. ಕೆಲವೇ ದಿನಗಳಲ್ಲಿ ದಂಗೆ ಅಡಗಿತು. ಆಮೇಲೆ ಸೈನ್ಯದ ಸೇಡು ವಾರಗಟ್ಟಲೆ ನಡೆಯಿತು. ಸತ್ತವರು ಹತ್ತು ಸಾವಿರವೆಂದು ಕೆಲವರು, ಮೂವತ್ತು ಸಾವಿರವೆಂದು ಕೆಲವರು ಹೇಳುತ್ತಾರೆ. ಬದುಕುಳಿದ ಪಿಪಿಲ್ ಜನರು ತಮ್ಮ ಉಡುಗೆಯನ್ನು ತೊರೆದರು. ತಾಯ್ನುಡಿಯಾದ ನಾವಾತ್ ಭಾಷೆಯನ್ನು ಮಕ್ಕಳೆದುರು ಆಡಲಂಜಿದರು. ಇಂದು ಅದನ್ನಾಡುವ ಹಿರಿಯರನ್ನು ಹುಡುಕಿ ಹೋಗಬೇಕು.

ಹುವಾಯೂವಾದ ದೇವಾಲಯದ ಬಲಿಪೀಠದ ಮೇಲೆ ಕರಿಯ ಬಣ್ಣದ ಕ್ರಿಸ್ತನ ಶಿಲುಬೆಯುಂಟು. ಗ್ವಾಟೆಮಾಲಾದ ಎಸ್ಕಿಪುಲಾಸ್‌ನ ಪ್ರಸಿದ್ಧ ಕಪ್ಪು ಕ್ರಿಸ್ತನನ್ನು ಕೆತ್ತಿದ ಕಿರಿಯೊ ಕತಾನ್ಯೊ ಎಂಬ ಶಿಲ್ಪಿಯದೇ ಇದು ಎಂದು ಹೇಳುತ್ತಾರೆ. ಹೊರಗೆ ವಾರದ ಕೊನೆಯ ತಿನಿಸಿನ ಸಂತೆ, ಸಂಗೀತ, ಮಕ್ಕಳ ಕೇಕೆ. ಒಳಗೆ ತಲೆಬಾಗಿದ ಕಪ್ಪು ಮುಖ. ಎರಡರ ನಡುವಿನ ಹೊಸ್ತಿಲಲ್ಲಿ ಒಂದು ಮುದುಕಿ ಮೇಣದ ಬತ್ತಿ ಮಾರುತ್ತಿದ್ದಳು. ಚೌಕದಲ್ಲಿ ಕುಳಿತು ಕುಡಿದ ಕಾಫಿ ಬಹಳ ಒಳ್ಳೆಯದಿತ್ತು ಎಂಬುದನ್ನೂ ಹೇಳಬೇಕು. ಪ್ರವಾಸಿಗೆ ಎರಡೂ ನಿಜ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವುದು ತರವಲ್ಲ.

ಬೆಟ್ಟದ ನೆತ್ತಿಯಲ್ಲಿ

ಅಲ್ಲಿಂದ ಸಾಂತಾ ಆನಾ. ಅದೇ ಹೆಸರಿನ ಜ್ವಾಲಾಮುಖಿ 2,381 ಮೀಟರ್ ಎತ್ತರ. ದೇಶದ ಅತಿ ಎತ್ತರದ ಜ್ವಾಲಾಮುಖಿ. 2005ರ ಅಕ್ಟೋಬರಿನಲ್ಲಿ ಅದು ಕೊನೆಯ ಸಲ ಸಿಡಿಯಿತು. ಮಾರ್ಗದರ್ಶಿಯ ಸಂಗಡ ಗುಂಪಾಗಿ ಹತ್ತುವುದು ಅಲ್ಲಿನ ಕ್ರಮ. ಐವತ್ತು ದಾಟಿದ ನಮ್ಮ ಕಾಲುಗಳಿಗೆ ಎರಡು ಗಂಟೆಯ ದಾರಿ ಮೂರಾಯಿತು. ಮೇಲೇರಿ ಬಗ್ಗಿ ನೋಡಿದರೆ, ಬೂದಿ ಬಣ್ಣದ ಗೋಡೆಗಳ ತಳದಲ್ಲಿ ಪಚ್ಚೆಯ ಬಣ್ಣದ ನೀರು. ಅದರಿಂದ ಹಬೆ ಏಳುತ್ತದೆ, ಗಂಧಕದ ವಾಸನೆ ಗಂಟಲಿಗೆ ತಟ್ಟುತ್ತದೆ. ಒಂದು ಬದಿಗೆ ಕೊವಾತೆಪೆಕೆ ಸರೋವರ, ಇನ್ನೊಂದು ಬದಿಗೆ ಬೋಳು ಗೋಪುರದಂಥ ಇಸಾಲ್ಕೊ, ದೂರದಲ್ಲಿ ಶಾಂತಸಾಗರ. ಇಸಾಲ್ಕೊ ಹುಟ್ಟಿದ್ದೇ 1770ರಲ್ಲಿ. ಅಲ್ಲಿಂದ ಸುಮಾರು ಇನ್ನೂರು ವರ್ಷ ಬಿಡದೆ ಉರಿದು, ಹಡಗಿನವರಿಂದ 'ಶಾಂತಸಾಗರದ ದೀಪಸ್ತಂಭ' ಎನಿಸಿಕೊಂಡಿತು. ಅದರ ಬೆಂಕಿಯನ್ನು ತೋರಿಸಲೆಂದು ಎದುರು ಬೆಟ್ಟದ ಮೇಲೆ ಹೋಟೆಲೊಂದನ್ನು ಕಟ್ಟಿಸಿದರು. ಕಟ್ಟಡ ಮುಗಿಯುವ ಹೊತ್ತಿಗೆ ಬೆಂಕಿ ಆರಿತು. ಮಾರ್ಗದರ್ಶಿ ಈ ಕಥೆ ಹೇಳಿ ತಾನೇ ಮೊದಲು ನಕ್ಕ.

ರಾಜಧಾನಿಯ ದಾರಿಯಲ್ಲಿ ಹೋಯಾ ದೆ ಸೆರೆನ್ ಎಂಬಲ್ಲಿ ಒಂದು ಹೊತ್ತು ಇಳಿದೆವು. ಸುಮಾರು ಸಾವಿರದ ನಾನೂರು ವರ್ಷಗಳ ಹಿಂದೆ ಬೂದಿಯಡಿ ಹೂತುಹೋದ ರೈತರ ಹಳ್ಳಿಯಿದು. 1976ರಲ್ಲಿ ಧಾನ್ಯದ ಉಗ್ರಾಣಕ್ಕಾಗಿ ನೆಲ ಅಗೆಯುವಾಗ ಬೆಳಕಿಗೆ ಬಂತು. 1993ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅರಮನೆಯಿಲ್ಲ, ಪಿರಮಿಡ್ಡಿಲ್ಲ. ಮಣ್ಣಿನ ಗೋಡೆ, ಕಾಳಿನ ಮಡಕೆ, ಜೋಳದ ಗದ್ದೆಯ ಸಾಲು, ಊರಿನವರು ಹಬೆಸ್ನಾನ ಮಾಡುತ್ತಿದ್ದ ಗುಮ್ಮಟದ ಕೋಣೆ. ಮನುಷ್ಯರ ಅಸ್ಥಿ ಅಲ್ಲಿ ಸಿಕ್ಕಿಲ್ಲ. ಎಲ್ಲರೂ ಓಡಿ ಪಾರಾಗಿರಬೇಕೆಂದು ವಿದ್ವಾಂಸರ ಊಹೆ. ಈ ನಾಡಿನಲ್ಲಿ ನಾವು ಕಂಡ ದುರಂತದ ನೆಲೆಗಳಲ್ಲಿ ಹೆಣಗಳಿಲ್ಲದ್ದು ಇದೊಂದೇ.

ರಾಜಧಾನಿಯಲ್ಲಿ

ಸ್ಯಾನ್ ಸಾಲ್ವಡಾರ್ ನಗರದ ಹಳೆಯ ಪೇಟೆ, ಒಂದು ಕಾಲದಲ್ಲಿ ಹಗಲೂ ಹೆದರಿಕೆ ಹುಟ್ಟಿಸುತ್ತಿದ್ದ ಜಾಗ, ಈಗ ರಾತ್ರಿ ಹನ್ನೊಂದಕ್ಕೂ ಸಂಸಾರಗಳಿಂದ ತುಂಬಿರುತ್ತದೆ. ಚೌಕದ ಬದಿಯಲ್ಲಿ ಚೀನಾದ ನೆರವಿನಿಂದ ಕಟ್ಟಿ 2023ರ ನವೆಂಬರಿನಲ್ಲಿ ತೆರೆದ ರಾಷ್ಟ್ರೀಯ ಗ್ರಂಥಾಲಯ ಬೆಳಗುತ್ತದೆ. ಸ್ವಲ್ಪ ದೂರದಲ್ಲಿ ಜಪಸರ ಮಾತೆಯ ದೇವಾಲಯ. ಹೊರಗಿನಿಂದ ವಿಮಾನದ ಶೆಡ್ಡಿನಂತೆ ಕಾಣುವ ಈ ಕಾಂಕ್ರೀಟ್ ಕಟ್ಟಡದೊಳಗೆ ಒಂದು ಕಂಬವೂ ಇಲ್ಲ. ಕಮಾನಿನ ಮೆಟ್ಟಿಲುಗಳಲ್ಲಿ ಕೂರಿಸಿದ ಬಣ್ಣದ ಗಾಜುಗಳಿಂದ ಬೆಳಕು ಕಾಮನಬಿಲ್ಲಾಗಿ ನೆಲದ ಮೇಲೆ ಹರಿಯುತ್ತದೆ. ಶಿಲ್ಪಿ ರುಬೆನ್ ಮಾರ್ತಿನೆಸ್ ಶಿಲುಬೆಯ ಹಾದಿಯ ನಿಲುಗಡೆಗಳನ್ನು ಕಬ್ಬಿಣದ ಸರಳುಗಳಿಂದ ಮಾಡಿದ್ದಾರೆ. ನಮ್ಮ ಹುಡುಗ ಅಲ್ಲಿ ಗಂಟೆಗಟ್ಟಲೆ ಕುಳಿತ. ಬಲಿಪೂಜೆಗೆ ಹತ್ತು ನಿಮಿಷ ತಡವಾಗಿ ಬರುವ ಹುಡುಗನವನು.

ನಾವು ತಂಗಿದ್ದ ಅತಿಥಿಗೃಹದ ಬೀದಿಯ ಮೂಲೆಯಲ್ಲಿ ಪುಪೂಸಾ ಅಂಗಡಿಯೊಂದಿತ್ತು. ಪುಪೂಸಾ ಎಂದರೆ ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ. ಹೋಳಿಗೆಗೆ ಹೂರಣ ತುಂಬುವಂತೆ ಒಳಗೆ ಬೀನ್ಸ್, ಗಿಣ್ಣು, ಇಲ್ಲವೆ ಲೊರೊಕೊ ಎಂಬ ಹೂವಿನ ಮೊಗ್ಗು ತುಂಬಿ, ಅಂಗೈಯಲ್ಲೇ ತಟ್ಟಿ, ಹೆಂಚಿನ ಮೇಲೆ ಬೇಯಿಸುತ್ತಾರೆ. ಹುಳಿ ಬರಿಸಿದ ಎಲೆಕೋಸಿನೊಂದಿಗೆ ಕೈಯಿಂದಲೇ ತಿನ್ನಬೇಕು. ಚಮಚ ಕೇಳದೆ ಉಂಡ ನಮ್ಮನ್ನು ಕಂಡು ಅಂಗಡಿಯ ಹೆಂಗಸು ಮೊದಲ ರಾತ್ರಿಯೇ ಸ್ನೇಹ ಬೆಳೆಸಿದಳು. ನಾವು ಗುರುಗಳೆಂದು ತಿಳಿದ ಮೇಲೆ "ಪಾದ್ರೆ" ಎಂದು ಕರೆಯತೊಡಗಿದಳು. ನಮ್ಮೂರಿನ 'ಪಾದ್ರಿ' ಎಂಬ ಮಾತನ್ನು ಅಷ್ಟು ದೂರದಲ್ಲಿ ಕೇಳಿ ಮನಸ್ಸಿಗೆ ಹಿತವೆನಿಸಿತು.

ಹದಿಮೂರು ವರ್ಷ ಪ್ರತಿ ವಾರ ಅವಳು ಗೂಂಡಾ ಪಡೆಗೆ ಕಪ್ಪ ಕೊಟ್ಟಿದ್ದಳು. ಈ ಪಡೆಗಳ ಹುಟ್ಟೂ ಒಂದು ಕಥೆ. ಅಂತರ್ಯುದ್ಧದ ಕಾಲದಲ್ಲಿ ಲಕ್ಷಾಂತರ ಮಂದಿ ಅಮೆರಿಕಕ್ಕೆ ಓಡಿಹೋದರು. ಅಲ್ಲಿನ ಲಾಸ್ ಏಂಜಲಿಸ್ ನಗರದ ಬಡ ಕೇರಿಗಳಲ್ಲಿ ಅವರ ಮಕ್ಕಳು ಗುಂಪು ಕಟ್ಟಿಕೊಂಡರು. ಯುದ್ಧ ಮುಗಿದ ಮೇಲೆ ಅಮೆರಿಕ ಸರ್ಕಾರ ಅಂಥವರನ್ನು ಹಿಡಿದು ಹಿಂದಕ್ಕೆ ಕಳುಹಿಸಿತು. ಕೆಲಸವಿಲ್ಲದ, ಬಂದೂಕು ಹೇರಳವಾಗಿದ್ದ ನಾಡಿನಲ್ಲಿ ಆ ಗುಂಪುಗಳು ಬೀದಿ ಬೀದಿಯನ್ನೂ ಆಳತೊಡಗಿದವು. 2022ರ ಮಾರ್ಚ್ 26ರಂದು ಒಂದೇ ದಿನ 62 ಮಂದಿ ಕೊಲೆಯಾದರು. ಮರುದಿನವೇ ತುರ್ತು ಸ್ಥಿತಿ ಘೋಷಣೆಯಾಗಿ, ತಿಂಗಳು ತಿಂಗಳೂ ಮುಂದುವರಿಯಿತು. ನಾವು ಹೋದಾಗಲೂ ಜಾರಿಯಲ್ಲಿತ್ತು. ಬಂಧಿತರು 80,000ಕ್ಕೂ ಮಿಕ್ಕಿದ್ದರು. ಸರ್ಕಾರದ ಲೆಕ್ಕದಂತೆ 2024ರಲ್ಲಿ ಇಡೀ ದೇಶದಲ್ಲಿ ನಡೆದ ಕೊಲೆಗಳು 114 ಮಾತ್ರ. "ಈಗ ನಾನು ರಾತ್ರಿ ಹತ್ತಕ್ಕೆ ಒಬ್ಬಳೇ ಅಂಗಡಿ ಮುಚ್ಚುತ್ತೇನೆ ಪಾದ್ರೆ, ಸಂಪಾದನೆ ಪೂರ್ತಿ ನನ್ನದೇ" ಎಂದಳು. ಆ ಮಾತಿನಲ್ಲಿದ್ದ ಬಿಡುಗಡೆಯನ್ನು ಹಗುರವಾಗಿ ಕಾಣುವ ಹಕ್ಕು, ಆ ಕಪ್ಪವನ್ನು ಎಂದೂ ಕೊಡದ ನಮಗಿಲ್ಲ.

ಹೆಸರುಗಳ ಹಿಂದೆ

ಭಾನುವಾರ ಪ್ರಧಾನಾಲಯದ ಪೂಜೆಯಲ್ಲಿ, ಅಂದು ರೋಮಿನ ಆಸ್ಪತ್ರೆಯಲ್ಲಿದ್ದ ಜಗದ್ಗುರು ಫ್ರಾನ್ಸಿಸ್‌ರಿಗಾಗಿ ಪ್ರಾರ್ಥನೆ ನಡೆಯಿತು. ಎಪ್ರಿಲ್ 21ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. 2018ರ ಅಕ್ಟೋಬರ್ 14ರಂದು ಮಹಾಧರ್ಮಾಧ್ಯಕ್ಷ ಓಸ್ಕರ್ ರೊಮೇರೊ ಅವರಿಗೆ ಸಂತಪದವಿ ನೀಡಿದವರು ಅವರೇ. ಪ್ರಧಾನಾಲಯದ ನೆಲಮಾಳಿಗೆಯಲ್ಲಿ ಸಂತರ ಕಂಚಿನ ಸಮಾಧಿಯುಂಟು. ಮಕ್ಕಳು ಅದನ್ನು ಸಲುಗೆಯಿಂದ ಮುಟ್ಟುತ್ತಾರೆ, ಅಜ್ಜಿಯರು ಮುತ್ತಿಡುತ್ತಾರೆ.

ಅವರು ಬಾಳಿದ್ದು ಅರಮನೆಯಲ್ಲಲ್ಲ, ಕಾರ್ಮೆಲ್ ಸಭೆಯ ಭಗಿನಿಯರು ನಡೆಸುವ ಕ್ಯಾನ್ಸರ್ ಆಸ್ಪತ್ರೆಯ ಆವರಣದ ಪುಟ್ಟ ಮನೆಯಲ್ಲಿ. ಕಿರಿದಾದ ಮಂಚ, ಬೆರಳಚ್ಚು ಯಂತ್ರ, ಕನ್ನಡಕ. ಪಕ್ಕದ ಪ್ರಾರ್ಥನಾಲಯದಲ್ಲಿ 1980ರ ಮಾರ್ಚ್ 24ರ ಸಂಜೆ, ಬಲಿಪೂಜೆಯ ನಡುವೆ, ಒಂದೇ ಗುಂಡಿಗೆ ಅವರು ಬಲಿಯಾದರು. ಹಿಂದಿನ ದಿನ ತಾನೇ, ಬಡವರನ್ನು ಕೊಲ್ಲುವ ಆಜ್ಞೆಗೆ ಮಣಿಯಬಾರದೆಂದು ಸೈನಿಕರಿಗೆ ಪ್ರಬೋಧನೆಯಲ್ಲಿ ಬೇಡಿಕೊಂಡಿದ್ದರು. ಅವರ ಭಾನುವಾರದ ಪ್ರಬೋಧನೆಗಳು ರೇಡಿಯೋದಲ್ಲಿ ನಾಡಿಗೆಲ್ಲ ಕೇಳಿಸುತ್ತಿದ್ದವು. ಆ ವಾರ ಸತ್ತವರ, ಕಾಣೆಯಾದವರ ಹೆಸರುಗಳನ್ನು ಒಂದೊಂದಾಗಿ ಓದುವುದು ಅವುಗಳ ಭಾಗವಾಗಿತ್ತು. ಪತ್ರಿಕೆಗಳು ಮುದ್ರಿಸದ ಹೆಸರುಗಳನ್ನು ಅವರು ಬಲಿಪೀಠದ ಬಳಿಯಿಂದ ಉಚ್ಚರಿಸಿದರು. ವಿಶ್ವಸಂಸ್ಥೆ 2010ರಲ್ಲಿ ಮಾರ್ಚ್ 24ನ್ನು ಸತ್ಯವನ್ನು ಅರಿಯುವ ಹಕ್ಕಿನ ದಿನವೆಂದು ಸಾರಿತು.

ಯೇಸುಸಭೆಯವರ ವಿಶ್ವವಿದ್ಯಾನಿಲಯಕ್ಕೂ ಹೋದೆವು. 1989ರ ನವೆಂಬರ್ 16ರ ನಸುಕಿನಲ್ಲಿ ಸೈನಿಕರು ನುಗ್ಗಿ ಆರು ಮಂದಿ ಗುರುಗಳನ್ನು, ಅವರಲ್ಲಿ ಐವರನ್ನು ಅಂಗಳದ ಹುಲ್ಲಿನ ಮೇಲೆ ಮಲಗಿಸಿ, ಕೊಂದರು. ಅಡುಗೆಯ ಎಲ್ಬಾ ರಾಮೋಸ್ ಮತ್ತು ಆಕೆಯ ಹದಿಹರೆಯದ ಮಗಳು ಸೆಲಿನಾ, ಹೊರಗೆ ಗುಂಡಿನ ಕಾಳಗವಿದೆಯೆಂದು ರಕ್ಷಣೆಗಾಗಿ ಆ ರಾತ್ರಿ ಅಲ್ಲೇ ಮಲಗಿದ್ದವರು, ಅವರನ್ನೂ ಬಿಡಲಿಲ್ಲ. ಎಲ್ಬಾಳ ಗಂಡ ಒಬ್ದುಲಿಯೊ ಆ ಹುಲ್ಲಿನ ನೆಲದಲ್ಲಿ ಗುಲಾಬಿ ಗಿಡಗಳನ್ನು ನೆಟ್ಟರು. ಅವು ಈಗಲೂ ಅರಳುತ್ತಿವೆ. ಪ್ರತಿವರ್ಷ ಆ ದಿನಗಳಲ್ಲಿ ಜನ ಬಣ್ಣದ ಉಪ್ಪಿನಿಂದ ನೆಲದ ಮೇಲೆ ಚಿತ್ರ ಬಿಡಿಸಿ, ದೀಪ ಹಿಡಿದು ರಾತ್ರಿಯ ಮೆರವಣಿಗೆ ನಡೆಸುತ್ತಾರೆ.

ಕೊಲ್ಲಲ್ಪಟ್ಟವರಲ್ಲಿ ಕುಲಪತಿ ಇಗ್ನಾಸಿಯೊ ಎಯಾಕುರಿಯಾ ತತ್ವಶಾಸ್ತ್ರಜ್ಞರು. ಗುರುಮಠದಲ್ಲಿ ನಮಗೆ ಕಲಿಸಿದ್ದು, ವಸ್ತುವಿಗೂ ಬುದ್ಧಿಗೂ ಇರುವ ಹೊಂದಾಣಿಕೆಯೇ ಸತ್ಯ ಎಂದು. ಪರೀಕ್ಷೆಯಲ್ಲಿ ಅದನ್ನು ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆವು. ಎಯಾಕುರಿಯಾ ಅಷ್ಟಕ್ಕೆ ನಿಲ್ಲಲಿಲ್ಲ. ವಾಸ್ತವವನ್ನು ಅರಿಯುವುದು ಮೊದಲ ಹೆಜ್ಜೆ. ಅದರ ಭಾರವನ್ನು ಹೆಗಲಿಗೇರಿಸುವುದು ಎರಡನೆಯದು. ಅದನ್ನು ಬದಲಿಸುವ ಹೊಣೆ ಹೊರುವುದು ಮೂರನೆಯದು ಎಂಬುದು ಅವರ ವಿಚಾರದ ಸಾರ. ಗುಲಾಬಿ ಗಿಡಗಳ ಎದುರು ನಿಂತಾಗ, ಮೂವತ್ತು ವರ್ಷ ನಾವು ಮೊದಲ ಹೆಜ್ಜೆಯಲ್ಲೇ ನಿಂತಿದ್ದೆವೆಂಬ ಅರಿವು ನಮಗಾಯಿತು.

ಮೊರಾಸಾನ್ ಪ್ರಾಂತ್ಯದ ಎಲ್ ಮೊಸೋತೆ ಪೂರ್ವದ ಗುಡ್ಡಗಳಲ್ಲಿರುವ ಹಳ್ಳಿ. ಮೂರು ಬಸ್ಸು, ಕೊನೆಗೆ ಒಂದು ಪಿಕಪ್ ಗಾಡಿಯ ಹಿಂಭಾಗದಲ್ಲಿ ನಿಂತು ಹೋಗಿ ತಲಪಿದೆವು. 1981ರ ಡಿಸೆಂಬರಿನಲ್ಲಿ, ಅಮೆರಿಕದಿಂದ ತರಬೇತಿ ಪಡೆದ ಅತ್ಲಕಾತ್ಲ್ ಪಡೆ ಇಲ್ಲಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಸಾವಿರದ ಹತ್ತಿರ ಜನರನ್ನು ಕೊಂದಿತು. ಬದುಕುಳಿದ ರುಫಿನಾ ಅಮಾಯಾ ಎಂಬ ತಾಯಿ ಕಂಡದ್ದನ್ನು ಹೇಳಿದಾಗ ಎರಡೂ ಸರ್ಕಾರಗಳು ನಂಬಲೊಲ್ಲೆವೆಂದವು. ಹನ್ನೊಂದು ವರ್ಷ ಆಕೆ ಅದನ್ನೇ ಹೇಳುತ್ತ ಬಂದಳು. 1992ರಲ್ಲಿ ಚರ್ಚಿನ ಪಕ್ಕದ ಕೋಣೆಯ ನೆಲ ಅಗೆದಾಗ 143 ಮಂದಿಯ ಅವಶೇಷ ಸಿಕ್ಕಿತು. ಅವರಲ್ಲಿ 131 ಮಂದಿ ಹನ್ನೆರಡು ತುಂಬದ ಮಕ್ಕಳು. ಈಗ ಅಲ್ಲಿ ಕೈಹಿಡಿದು ನಿಂತ ಸಂಸಾರವೊಂದರ ಕಪ್ಪು ಆಕೃತಿ, ಅದರ ಹಿಂದೆ ಹೆಸರಿನ ಫಲಕಗಳು. ಹಲವು ಮಕ್ಕಳ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಬರೆದಿದ್ದಾರೆ. ಹುಡುಗ ಓದುತ್ತ ಹೋದವನು ಅರ್ಧಕ್ಕೆ ನಿಲ್ಲಿಸಿದ.

ಹನ್ನೆರಡು ವರ್ಷಗಳ ಆ ಯುದ್ಧದಲ್ಲಿ ಎಪ್ಪತ್ತೈದು ಸಾವಿರ ಮಂದಿ ಸತ್ತರು. 1992ರ ಜನವರಿ 16ರಂದು ಶಾಂತಿ ಒಪ್ಪಂದವಾಯಿತು. 1993ರಲ್ಲಿ ಸತ್ಯ ಆಯೋಗದ ವರದಿ ಹೊರಬಂದ ಐದೇ ದಿನಕ್ಕೆ ಎಲ್ಲರಿಗೂ ಕ್ಷಮಾದಾನದ ಕಾನೂನು ಬಂತು. ಆ ಕಾನೂನು ಸಂವಿಧಾನಬಾಹಿರವೆಂದು ನ್ಯಾಯಾಲಯ ಹೇಳಲು 2016ರವರೆಗೆ ಕಾಯಬೇಕಾಯಿತು. ಸರ್ಕಾರ ಮರೆಯಿರಿ ಎಂದಾಗ ಜನರೇ ಹಣ ಕೂಡಿಸಿ, ರಾಜಧಾನಿಯ ಕುಸ್ಕತ್ಲಾನ್ ಉದ್ಯಾನದಲ್ಲಿ 2003ರಲ್ಲಿ ಕಪ್ಪು ಕಲ್ಲಿನ ಗೋಡೆ ಎಬ್ಬಿಸಿ, 25,000ಕ್ಕೂ ಹೆಚ್ಚು ಹೆಸರುಗಳನ್ನು ಕೊರೆಸಿದರು. ರೊಮೇರೊ ಅವರ ಹೆಸರೂ ಅಲ್ಲಿ ಉಳಿದವರ ನಡುವೆ ಒಂದು ಸಾಲು.

ಕೊನೆಯ ರಾತ್ರಿ

ಹೊರಡುವ ಹಿಂದಿನ ರಾತ್ರಿ ಪುಪೂಸಾ ಅಂಗಡಿಗೆ ಹೋಗಿ, ಎಲ್ ಮೊಸೋತೆಗೆ ಹೋಗಿದ್ದೆವೆಂದು ಹೇಳಿದೆವು. ಹೆಂಗಸು ಹೆಂಚಿನ ಉರಿಯನ್ನು ತಗ್ಗಿಸಿ ಎದುರಿನ ಸ್ಟೂಲಿನಲ್ಲಿ ಕುಳಿತಳು. ಅವಳ ತಂಗಿಯ ಮಗನನ್ನು 2022ರ ಮೇ ತಿಂಗಳಲ್ಲಿ ಕೆಲಸ ಮುಗಿಸಿ ಬರುವಾಗ ಬಸ್ಸಿನಿಂದ ಇಳಿಸಿಕೊಂಡು ಹೋದರಂತೆ. ವಯಸ್ಸು ಹತ್ತೊಂಬತ್ತು. ಮೈಮೇಲೆ ಹಚ್ಚೆಯಿಲ್ಲ, ಹಳೆಯ ದೂರಿಲ್ಲ. ತಾಯಿ ತಿಂಗಳಿಗೊಮ್ಮೆ ಸೆರೆಮನೆಯ ಬಾಗಿಲಿಗೆ ಬಟ್ಟೆ, ಸೋಪಿನ ಗಂಟು ಕೊಟ್ಟು ಬರುತ್ತಾಳೆ; ಅದು ಅವನಿಗೆ ಮುಟ್ಟುವುದೋ ಇಲ್ಲವೋ ಹೇಳುವವರಿಲ್ಲ. ಬದುಕಿದ್ದಾನೆಯೇ ಎಂಬುದಕ್ಕೂ ಉತ್ತರವಿಲ್ಲ. ಸುಮಾರು 8,000 ನಿರಪರಾಧಿಗಳನ್ನು ಬಿಡಲಾಗಿದೆಯೆಂದು ಅಧ್ಯಕ್ಷರೇ 2024ರಲ್ಲಿ ಹೇಳಿದ್ದರು. ಅವರಲ್ಲಿ ಇವನಿರಲಿಲ್ಲ.

"ನನ್ನ ಅಂಗಡಿಗೆ ಶಾಂತಿ ಬಂತು ಪಾದ್ರೆ, ನನ್ನ ತಂಗಿಯ ಮನೆಗೆ ಬರಲಿಲ್ಲ. ನಾನು ದೇವರಿಗೆ ಏನು ಹೇಳಲಿ? ಕೃತಜ್ಞತೆಯೋ, ದೂರೋ?"

ನಮ್ಮ ಬಳಿ ಸಿದ್ಧ ಉತ್ತರಗಳಿದ್ದವು. ಸಮುದಾಯದ ಹಿತವೆಂಬ ತತ್ವವನ್ನು ವಿವರಿಸಬಹುದಿತ್ತು. ಆದರೆ ಜನರೆಲ್ಲರಿಗಾಗಿ ಒಬ್ಬನು ಸಾಯುವುದು ಲೇಸೆಂದು ಲೆಕ್ಕ ಹಾಕಿದ ಪ್ರಧಾನ ಯಾಜಕ ಕಾಯಫನೂ ಸಮುದಾಯದ ಹಿತವನ್ನೇ ಮಾತನಾಡಿದ್ದ. ಅವನ ಲೆಕ್ಕದಲ್ಲಿ ಆ ಒಬ್ಬನಿಗೆ ಹೆಸರಿರಲಿಲ್ಲ. "ಎರಡನ್ನೂ ಹೇಳಮ್ಮ, ದೇವರಿಗೆ ಎರಡೂ ಕೇಳಿಸುತ್ತದೆ" ಎಂದಷ್ಟೇ ಹೇಳಿದೆವು. ಹುಡುಗ ಅದನ್ನು ಅವಳ ಭಾಷೆಯಲ್ಲಿ ತಿಳಿಸಿದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಊರಿನ ಪೂಜೆಯಲ್ಲಿ ಅವನ ಹೆಸರನ್ನು ಹೇಳುತ್ತೀರಾ? ಇಲ್ಲಿ ಗಟ್ಟಿಯಾಗಿ ಹೇಳಲು ತಂಗಿಗೆ ಹೆದರಿಕೆ" ಎಂದಳು. ಬಿಲ್ಲಿನ ಚೀಟಿಯ ಹಿಂಭಾಗದಲ್ಲಿ ಹೆಸರು ಬರೆದುಕೊಟ್ಟಳು. ಅಂದಿನ ಊಟಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಓದುಗ ಬಂಧುಗಳೇ, ನಿಮ್ಮ ಮನೆಯ ಮಕ್ಕಳು ಆ ದೇಶಕ್ಕೆ ಹೋಗುತ್ತೇವೆಂದರೆ ತಡೆಯಬೇಡಿ. ನವೆಂಬರಿನಿಂದ ಎಪ್ರಿಲಿನವರೆಗೆ ಮಳೆಯಿಲ್ಲದ ಕಾಲ. ಜನ ಸ್ನೇಹಶೀಲರು, ದಾರಿಗಳು ಚಿಕ್ಕವು, ಬೆಟ್ಟ ಮತ್ತು ಕಡಲು ಒಂದೇ ದಿನದಲ್ಲಿ ಸಿಗುತ್ತವೆ. ಚೀಲದಲ್ಲಿ ಕಡಿಮೆ ತುಂಬಿಕೊಳ್ಳಿ ಎಂದು ಮಾತ್ರ ಹೇಳಿ. ಬರುವಾಗ ಹೊರಲು ಏನಾದರೂ ಸಿಗುತ್ತದೆ.

ಆ ಹೆಸರನ್ನು ಇಲ್ಲಿ ಮುದ್ರಿಸಿಲ್ಲ. ಆ ಮನೆಯವರಿಗೆ ಅದರಿಂದ ತೊಂದರೆಯಾಗಬಾರದು. ಆದರೆ ಪೂಜೆಯಲ್ಲಿ ಅದು ಮುಂದುವರಿಯುತ್ತದೆ. ಉಚ್ಚಾರ ಕಷ್ಟವೆಂದು ಓದುವ ಹುಡುಗಿ ದೂರಿದ್ದಳು. ಈಗ ಸರಾಗವಾಗಿ ಓದುತ್ತಾಳೆ. ಅವನು ಬಿಡುಗಡೆಯಾದನೆಂಬ ಸುದ್ದಿ ಇನ್ನೂ ಬಂದಿಲ್ಲ. ಬಂದ ಭಾನುವಾರ ನಿಮಗೆ ತಿಳಿಸುತ್ತೇವೆ. ಅಲ್ಲಿಯವರೆಗೆ ಆ ಹೆಸರು ಕೇಳಿಬಂದಾಗ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎಂಬ ನಿಮ್ಮ ಉತ್ತರ ಸ್ವಲ್ಪ ಗಟ್ಟಿಯಾಗಿರಲಿ.